ಕೆರೆಪಾಳ್ಯದ ಕೆಳಬೀದಿಯ ನೀರು

ಕೋವಿಡ್ ಗಲಾಟೆ ಮುಗಿದು ಎರಡನೆಯ ಬೇಸಿಗೆ. ಆಗ ನಾನು ಯಲಹಂಕದಿಂದ ಆಚೆಗಿನ ಒಂದು ಗ್ರಾಮ ಪಂಚಾಯಿತಿಯಲ್ಲಿ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಿದ್ದೆ. ನೀರು, ಬೀದಿದೀಪ, ಕಸ, ಖಾತೆ, ಕಂದಾಯ, ನರೇಗಾ, ಯಾರ ಮನೆಯ ಮುಂದಿನ ಚರಂಡಿ ಕಟ್ಟಿದೆ, ಯಾರ ಮನೆಯ ನಾಯಿ ಯಾರನ್ನು ಕಚ್ಚಿತು, ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಪಿಡಿಒ ಮೇಜಿನ ಮುಂದೆ. ಮನೆ ವಿದ್ಯಾರಣ್ಯಪುರದಲ್ಲಿತ್ತು. ಬೆಳಿಗ್ಗೆ ಸ್ಕೂಟರಿನಲ್ಲಿ ಹೊರಟರೆ ಅಪಾರ್ಟ್‌ಮೆಂಟುಗಳ ಸಾಲು ಮುಗಿದು ದ್ರಾಕ್ಷಿ ತೋಟಗಳು ಶುರುವಾಗುವ ಹೊತ್ತಿಗೆ ನಮ್ಮ ಪಂಚಾಯಿತಿಯ ಗಡಿ ಸಿಗುತ್ತಿತ್ತು. ವರ್ಷದಿಂದ ವರ್ಷಕ್ಕೆ ಅಪಾರ್ಟ್‌ಮೆಂಟುಗಳು ಮುಂದೆ ಬರುತ್ತಿದ್ದವು, ತೋಟಗಳು ಹಿಂದೆ ಸರಿಯುತ್ತಿದ್ದವು.

ಪಂಚಾಯಿತಿಯ ದೊಡ್ಡ ಊರು ಕೆರೆಪಾಳ್ಯ. ಇದು ನಾನು ಇಟ್ಟ ಹೆಸರು; ನಿಜವಾದ ಹೆಸರು ಬೇಡ. ಊರಿನ ಮೇಲುಗಡೆ ಓವರ್‌ಹೆಡ್ ಟ್ಯಾಂಕು, ಅಲ್ಲಿಂದ ಇಳಿಜಾರಿನಲ್ಲಿ ಮೇಲುಬೀದಿ, ಕೆಳಬೀದಿ. ಕೆಳಬೀದಿ ಮುಗಿದ ಮೇಲೆ ಒಂದು ಗೇಟು, ಗೇಟಿನ ಒಳಗೆ ನೀಲಗಿರಿ ತೋಪು. ಹಿಂದಿನ ವರ್ಷ ಎರಡು ಬೋರ್‌ವೆಲ್ ಬತ್ತಿ, ಕೆರೆ ಪಕ್ಕದ ಒಂದೇ ಬೋರ್‌ವೆಲ್ ಇಡೀ ಊರನ್ನು ಸಾಕುತ್ತಿತ್ತು.

ಅವತ್ತು ಸೋಮವಾರ. ಆಫೀಸಿನ ಬೀಗ ತೆಗೆಯುವ ಮೊದಲೇ ಆಶಾ ಕಾರ್ಯಕರ್ತೆ ಗೀತಾಳ ಫೋನು ಬಂತು.

“ಮೇಡಂ, ಕೆಳಬೀದೀಲಿ ಮಕ್ಳೆಲ್ಲಾ ವಾಂತಿ ಮಾಡ್ಕೊಳ್ತಿದಾವೆ. ನಿನ್ನೆ ಒಂದೆರ್ಡು ಮನೆ ಅಂತ ಸುಮ್ನಿದ್ದೆ. ಇವತ್ತು ಯಾವ್ ಬಾಗ್ಲು ತಟ್ಟಿದ್ರೂ ಇದೇ ಮಾತು. ಬೇಗ ಬನ್ನಿ.”

ಮದುವೆ ಊಟವೋ ತಿಥಿ ಊಟವೋ ಇದ್ದರೆ ಅನುಮಾನ ಅತ್ತ ಹೋಗುತ್ತದೆ. ಊರಿನಲ್ಲಿ ಅಂಥದ್ದೇನೂ ನಡೆದಿರಲಿಲ್ಲ. ಉಳಿದದ್ದು ನೀರು. ನೀರುಗಂಟಿ ಅಂಜಿನಪ್ಪನನ್ನು ಕರೆದುಕೊಂಡು ಟ್ಯಾಂಕಿನ ಬುಡಕ್ಕೆ ಹೋದೆ. ಪಂಚಾಯಿತಿಗಳಿಗೆ ಕೊಟ್ಟಿರುವ ಕಿಟ್ಟಿನಲ್ಲಿ ಒಂದು ಸರಳ ಪರೀಕ್ಷೆಯಿದೆ. ನೀರಿಗೆ ಔಷಧಿಯ ಹನಿ ಬಿಟ್ಟಾಗ ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ ಎಂದರ್ಥ, ಬರದಿದ್ದರೆ ಇಲ್ಲ. ಟ್ಯಾಂಕಿನ ನಲ್ಲಿಯ ನೀರು ಹಳದಿಯಾಯಿತು. ಮೇಲುಬೀದಿಯದೂ ಆಯಿತು. ಕೆಳಬೀದಿಯ ನಲ್ಲಿಯಿಂದ ಹಿಡಿದ ನೀರು ಎಷ್ಟು ಹೊತ್ತು ಅಲುಗಾಡಿಸಿದರೂ ಬಣ್ಣಕ್ಕೆ ತಿರುಗಲಿಲ್ಲ. ಅಂದರೆ ಎರಡು ಬೀದಿಗಳ ನಡುವೆ ಎಲ್ಲೋ ಪೈಪಿನೊಳಗೆ ಹೊಲಸು ಸೇರಿ ಕ್ಲೋರಿನ್ನನ್ನು ತಿಂದುಹಾಕುತ್ತಿತ್ತು.

ರೋಗಾಣು ಇದೆಯೇ ಎಂದು ನೋಡಲು ಇನ್ನೊಂದು ಸಣ್ಣ ಬಾಟಲಿ ಇರುತ್ತದೆ. ಅದರಲ್ಲಿ ನೀರು ತುಂಬಿಸಿಟ್ಟು, ಕಪ್ಪಾದರೆ ಕುಡಿಯಲು ಯೋಗ್ಯವಲ್ಲ. ಆದರೆ ಅದು ಕಪ್ಪಾಗಲು ಒಂದು ದಿನವಾದರೂ ಬೇಕು. ಬಾಟಲಿಯನ್ನು ತುಂಬಿಸಿ ಮೇಜಿನ ಮೇಲಿಟ್ಟೆ. ಒಂದು ದಿನ ಕಾಯುವ ಹಾಗಿರಲಿಲ್ಲ. ನೀರು ಬಿಡುವುದನ್ನು ನಿಲ್ಲಿಸು ಎಂದು ಅಂಜಿನಪ್ಪನಿಗೆ ಹೇಳಿದೆ. ತಾಲ್ಲೂಕು ಪಂಚಾಯಿತಿಗೆ ಫೋನು ಮಾಡಿ ಟ್ಯಾಂಕರ್ ಕೇಳಿದೆ.

ಹತ್ತು ನಿಮಿಷದಲ್ಲಿ ಮುನಿಕೃಷ್ಣಪ್ಪ ಆಫೀಸಿನಲ್ಲಿದ್ದರು. ಪಂಚಾಯಿತಿಯ ಅಧ್ಯಕ್ಷೆ ಅವರ ಹೆಂಡತಿ ಜಯಮ್ಮ. ಮಹಿಳಾ ಮೀಸಲಾತಿಯಲ್ಲಿ ಗೆದ್ದವರು. ಊರಿನವರ ಬಾಯಲ್ಲಿ ಮಾತ್ರ ಅಧ್ಯಕ್ಷರು ಎಂದರೆ ಮುನಿಕೃಷ್ಣಪ್ಪನೇ. ಹೊಲ ಮಾರಿ, ಉಳಿದದ್ದರಲ್ಲಿ ಲೇಔಟ್ ಮಾಡಿ ಬೆಳೆದ ಮನುಷ್ಯ. ಸಭೆಗಳಲ್ಲಿ ಜಯಮ್ಮ ಸಹಿ ಹಾಕುವ ಪುಟ ಬಂದಾಗ ಮಾತ್ರ ತಲೆ ಎತ್ತುತ್ತಿದ್ದರು. ಅವತ್ತೂ ಗಂಡನ ಹಿಂದೆಯೇ ಬಂದು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು.

ಮುನಿಕೃಷ್ಣಪ್ಪ ನಾನು ಬರೆಯುತ್ತಿದ್ದ ಪ್ರಕಟಣೆಯನ್ನು ನೋಡಿದರು. “ಮೇಡಂ, ‘ಕಲುಷಿತ’ ಗಿಲುಷಿತ ಎಲ್ಲಾ ಬೇಡ ಕಣ್ರೀ. ಟೀವಿಯೋರು ಬತ್ತಾರೆ. ನಮ್ಮೂರ್ ನೀರು ಕುಡುದ್ರೆ ಸಾಯ್ತಾರೆ ಅಂತ ಹೆಸ್ರಾದ್ರೆ ಇಲ್ಲಿ ಸೈಟ್ ಯಾರ್ ತಗೋತಾರೆ? ಮೋಟ್ರು ಸುಟ್ಟೋಗೈತೆ, ಎರ್ಡು ದಿನ ನೀರು ಬರಲ್ಲ ಅಂತ ಹಾಕಿ. ಕೆಲ್ಸ ಒಂದೇ ತಾನೆ?”

ಹೇಗೂ ನೀರು ನಿಂತಿದೆಯಲ್ಲ ಎಂದು ನನಗೂ ಒಂದು ಕ್ಷಣ ಅನ್ನಿಸದೆ ಇರಲಿಲ್ಲ. ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಜಯಮ್ಮನ ದನಿ ಕೇಳಿತು.

“ಮೋಟ್ರು ಕೆಟ್ಟೈತೆ ಅಂದ್ರೆ ಜನ ಏನ್ ಮಾಡ್ತಾರೆ? ಮನೇಲಿರೋ ನೀರ್ನ ಜೋಪಾನ ಮಾಡ್ಕಂಡು ಕುಡೀತಾರೆ. ಡ್ರಮ್ಮು, ಸಂಪು, ಬಿಂದ್ಗೆ, ಎಲ್ಲಾದ್ರಾಗೂ ಅದೇ ನೀರಲ್ವಾ ಇರಾದು?”

ಮುನಿಕೃಷ್ಣಪ್ಪ ತಿರುಗಿ ನೋಡಿದರು. ಜಯಮ್ಮ ನನ್ನನ್ನೇ ನೋಡುತ್ತಿದ್ದರು. “ಇದ್ದಂಗೇ ಬರೀರಿ ಮೇಡಂ,” ಎಂದರು.

ಬರೆದೆ. ಪಂಚಾಯಿತಿಯ ಸುದ್ದಿಗಾಗಿಯೇ ಒಂದು ವಾಟ್ಸಾಪ್ ಗುಂಪಿತ್ತು. ಅದಕ್ಕೆ ಹಾಕಿದ್ದೇ ತಡ, ಹೊಸ ಅಪಾರ್ಟ್‌ಮೆಂಟಿನವರಿಂದ ಪ್ರಶ್ನೆಗಳ ಮಳೆ ಸುರಿಯಿತು. ಅವರಿಗೆ ಅವರದೇ ಬೋರ್‌ವೆಲ್ ಇತ್ತು. ನಮ್ಮ ನೀರು ಹೋಗುತ್ತಲೇ ಇರಲಿಲ್ಲ. ನೀರು ಕುಡಿದಿದ್ದ ಕೆಳಬೀದಿಯಿಂದ ಬಂದದ್ದು ಒಂದೆರಡು ಹೆಬ್ಬೆರಳಿನ ಚಿತ್ರ ಮತ್ತು ಯಾರೋ ಒಬ್ಬರ ಶುಭೋದಯ. ಪ್ರಕಟಣೆಯನ್ನು ಮತ್ತೊಮ್ಮೆ ಓದಿಕೊಂಡೆ. “ಸದರಿ ಜಲಮೂಲವು ಕಲುಷಿತಗೊಂಡಿರುವ ಸಾಧ್ಯತೆಯಿರುವ ಹಿನ್ನೆಲೆಯಲ್ಲಿ” ಎಂದು ಶುರುವಾಗಿತ್ತು. ಕಚೇರಿಯ ಕನ್ನಡ ಬರೆದೂ ಬರೆದೂ ಕೈಗೆ ಅದೇ ಅಂಟಿಬಿಟ್ಟಿತ್ತು.

ಕಸದ ಆಟೋಗೆ ಮೈಕು ಕಟ್ಟಿಸಿ ಅದೇ ಪ್ರಕಟಣೆಯನ್ನು ಓದಿಸುತ್ತಾ ಹೊರಟೆವು. ಮೇಲುಬೀದಿಯ ತಿರುವಿನಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ತಲೆಯನ್ನೂ ಎತ್ತದೆ, “ಕಂದಾಯ ಮುಂದಿನ್ ತಿಂಗ್ಳು ಕಟ್ತೀವಿ, ಓಗಿ,” ಎಂದಳು. ಹಿಂದೆ ನಡೆದು ಬರುತ್ತಿದ್ದ ಜಯಮ್ಮ ಆಟೋ ನಿಲ್ಲಿಸಿದರು. ಹತ್ತಿ ಕುಳಿತು ಮೈಕು ತೆಗೆದುಕೊಂಡರು. 

“ನಾನು ಜಯಮ್ಮ. ಕೇಳ್ರಪ್ಪಾ. ನಲ್ಲಿ ನೀರು ಕೆಟ್ಟೈತೆ. ಮಕ್ಳು ಅದ್ಕೇ ವಾಂತಿ ಮಾಡ್ಕಂತಾ ಅವೆ. ಡ್ರಮ್ನಾಗಿರೋದು, ಬಿಂದ್ಗೆನಾಗಿರೋದು ಎಲ್ಲಾ ಚೆಲ್ಬುಡಿ. ಟ್ಯಾಂಕರ್ ಬತ್ತೈತೆ. ಆ ನೀರೂ ಕಾಯ್ಸೇ ಕುಡೀರಿ.”

ಬಾಗಿಲುಗಳು ತೆರೆದವು. ಊರಿನ ಯಾರೂ ಆಕೆಯ ದನಿಯನ್ನು ಮೈಕಿನಲ್ಲಿ ಕೇಳಿರಲಿಲ್ಲ. ಕೇಳಿದ ಮೇಲೆ ಜಗಳವೂ ಶುರುವಾಯಿತು. ಬಿರುಬೇಸಿಗೆಯಲ್ಲಿ, ವಾರಕ್ಕೆರಡು ದಿನ ನೀರು ಬರುವ ಊರಿನಲ್ಲಿ, ತುಂಬಿದ ಡ್ರಮ್ಮು ಚೆಲ್ಲಿ ಎಂದರೆ ಯಾರು ಕೇಳುತ್ತಾರೆ? “ಚೆಲ್ಲಿ ಅನ್ನಾಕೆ ನಿಮ್ಗೇನು? ಟ್ಯಾಂಕರ್ ಮೊದ್ಲು ಬರ್ಲಿ, ಆಮೇಲ್ ನೋಡಣ,” ಎಂದು ಒಬ್ಬಾಕೆ ಡ್ರಮ್ಮಿಗೆ ಅಡ್ಡ ನಿಂತಳು. ಆಕೆ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಟ್ಯಾಂಕರ್ ಬರುವವರೆಗೂ ನಾನು ಫೋನು ಹಿಡಿದು ರಸ್ತೆಗೂ ಆಫೀಸಿಗೂ ಓಡಾಡುತ್ತಲೇ ಇದ್ದೆ. ಅದು ಬಂದ ಮೇಲೆ ಗೀತಾ, ಜಯಮ್ಮ, ನಾನು ಮನೆಮನೆ ಹೊಕ್ಕು ಡ್ರಮ್ಮುಗಳನ್ನು ಬಗ್ಗಿಸಿದೆವು. ಸಂಜೆಯ ಹೊತ್ತಿಗೆ ಕೆಳಬೀದಿಯ ಚರಂಡಿಯಲ್ಲಿ ಮಳೆಗಾಲದ ಹಾಗೆ ನೀರು ಹರಿಯುತ್ತಿತ್ತು. ಆಟೋ ಕೊನೆಯ ಮನೆಯವರೆಗೆ ಹೋಗಿ, ಗೇಟಿನ ಮುಂದೆ ತಿರುಗಿಸಿಕೊಂಡು ವಾಪಸು ಬಂತು.

ಮಾರನೆಯ ಬೆಳಿಗ್ಗೆ ಮೇಜಿನ ಮೇಲಿನ ಬಾಟಲಿ ಡಾಂಬರಿನಂತೆ ಕಪ್ಪಾಗಿತ್ತು. ನೋಡಿ ಭಯಕ್ಕಿಂತ ಹೆಚ್ಚಾಗಿ ಸಮಾಧಾನವೇ ಆಯಿತು. ನೀರು ನಿಲ್ಲಿಸಿದ್ದು ಸರಿಯಾಗಿತ್ತು. ಹೊಸದಾಗಿ ಯಾರಿಗೂ ವಾಂತಿಯಿಲ್ಲ ಎಂದು ಗೀತಾ ಹೇಳಿದಳು. ಅವಳ ಫೋನು ಇಟ್ಟ ಹಿಂದೆಯೇ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು ಮಾಡಿದರು.

“ನಿಮ್ಮ ಕೆರೆಪಾಳ್ಯದಿಂದ ಒಂದು ಹೆಣ್ಣುಮಗು ಬಂದಿದೆ. ಸ್ಥಿತಿ ಚೆನ್ನಾಗಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸ್ತಿದೀನಿ. ನೀರು ನಿಲ್ಲಿಸಿದೀವಿ ಅಂದ್ರಲ್ಲ ಮೇಡಂ, ಇವರು ಇವತ್ತು ಬೆಳಿಗ್ಗೇನೂ ಅದೇ ನೀರು ಕುಡಿದಿದಾರೆ.”

ನಾನು ತಲುಪಿದಾಗ ಮಗುವನ್ನು ಆಂಬುಲೆನ್ಸಿಗೆ ಏರಿಸುತ್ತಿದ್ದರು. ನಾಲ್ಕೈದು ವರ್ಷದ ಹುಡುಗಿ, ಕಣ್ಣು ಒಳಕ್ಕೆ ಹೋಗಿತ್ತು, ಕೈಗೆ ಡ್ರಿಪ್ಪು. ತಾಯಿಯ ಹೆಸರು ಹುಲಿಗೆಮ್ಮ. ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಬಂದವಳು. ನೀಲಗಿರಿ ತೋಪಿನೊಳಗೆ ಮುನಿಕೃಷ್ಣಪ್ಪ ತಗಡಿನ ಶೆಡ್ಡು ಹಾಕಿಸಿ ಇಂಥ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿದ್ದರು. ಅದು ನನಗೆ ಗೊತ್ತಿತ್ತು. ಅಲ್ಲಿಗೆ ಖಾಸಗಿ ಟ್ಯಾಂಕರ್ ಹೋಗುತ್ತದೆ ಎಂದೂ ಅವರೇ ಹೇಳಿದ್ದರು.

“ನೀರು ಎಲ್ಲಿಂದ ತರ್ತೀಯಮ್ಮ?” ಎಂದು ಕೇಳಿದೆ.

“ನಳದಾಗಿಂದ್ರಿ. ಶೆಡ್ಡಿನ ಮುಂದ ನಳ ಐತ್ರಿ. ನಿನ್ನಿ ಬೇಗ ನಿಂತ್ಹೋತು, ಬ್ಯಾರಲ್‌ದಾಗ ತುಂಬಿಟ್ಟಿದ್ದನ್ನ ಕುಡದೀವಿ.”

“ನಿನ್ನೆ ಮೈಕಿನಲ್ಲಿ ಹೇಳಿದ್ದು ಕೇಳಿಸಲಿಲ್ವಾ?”

“ದೂರದಾಗ ಏನೋ ಒದರಾಕ್ಹತ್ತಿದ್ರು. ನಮಗಂತ ಯಾರು ಹೇಳ್ತಾರ್ರೀ? ನಿಮ್ಮೂರಿಂದು ಅಂದ್ಕೊಂಡ್ವಿ.” ಹೇಳುತ್ತಲೇ ಅವಳು ಆಂಬುಲೆನ್ಸ್ ಹತ್ತಿದಳು. ಅಷ್ಟರಲ್ಲಿ ಬಂದಿದ್ದ ಗೀತಾಳನ್ನೂ ಜೊತೆಗೆ ಕಳಿಸಿದೆ.

ಅಲ್ಲಿಂದ ನೇರವಾಗಿ ತೋಪಿಗೆ ಹೋದೆ. ಇನ್ನೂ ಇಬ್ಬರು ಮಕ್ಕಳು ಶೆಡ್ಡಿನ ನೆಲದ ಮೇಲೆ ಸುಸ್ತಾಗಿ ಮಲಗಿದ್ದರು. ಅವರನ್ನು ಡಾಕ್ಟರ ಬಳಿಗೆ ಕಳಿಸಿ, ಬ್ಯಾರಲ್ಲುಗಳನ್ನು ಬಗ್ಗಿಸಿ, ಆಮೇಲೆ ಆ ನಲ್ಲಿ ಎಲ್ಲಿಂದ ಬಂತು ಎಂದು ಅಂಜಿನಪ್ಪನನ್ನು ಕೇಳಿದೆ. ಅವನು ನೆಲ ನೋಡಿದ.

“ಮುನಿಕೃಷ್ಣಪ್ಪನೋರು ಹಾಕ್ಸಿದ್ದು ಮೇಡಂ, ಓದ್ ವರ್ಷ. ನಮ್ ಲೈನ್ನಿಂದಾನೇ. ಯಾರ್ಗೂ ಏಳ್ಬೇಡ ಅಂದಿದ್ರು. ನನ್ ಕೆಲ್ಸ ಅವ್ರ್ ಕೈಯಾಗೈತೆ.”

ಮೇಲುಬೀದಿ ಮುಗಿಯುವಲ್ಲಿ, ಅವನು ತೋರಿಸಿದ ಕಡೆ, ಚರಂಡಿಯೊಳಗೆ ಅಗೆಸಿದೆ. ಕೊಳಚೆಯ ನಡುವೆ ನಮ್ಮ ಪೈಪಿಗೆ ತೂತು ಕೊರೆದು ಇನ್ನೊಂದು ಪೈಪು ಸೇರಿಸಿ, ಸೈಕಲ್ ಟ್ಯೂಬು ಸುತ್ತಿದ್ದರು. ಅದು ಸಡಿಲವಾಗಿತ್ತು. ನೀರು ಬಿಟ್ಟಾಗ ಒತ್ತಡ ಹೊರಕ್ಕೆ ತಳ್ಳುತ್ತದೆ. ವಾಲ್ವ್ ಮುಚ್ಚಿದ ಮೇಲೆ ಪೈಪು ಖಾಲಿಯಾಗುತ್ತಾ ಸುತ್ತ ಇರುವುದನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಸುತ್ತ ಇದ್ದದ್ದು ಚರಂಡಿ. ಮುಂದಿನ ಸಲ ನೀರು ಬಿಟ್ಟಾಗ ಅದೆಲ್ಲವೂ ಕೆಳಬೀದಿಗೂ ಶೆಡ್ಡುಗಳಿಗೂ ಹೋಗುತ್ತಿತ್ತು.

ಸುದ್ದಿ ತಿಳಿದು ಮುನಿಕೃಷ್ಣಪ್ಪ ಬೈಕಿನಲ್ಲಿ ಬಂದರು. ಜನ ಸೇರಿತ್ತು. “ಇದೇನ್ ನಾನೊಬ್ನೇ ಮಾಡಿರೋದಾ? ಊರಾಗೆ ಎಷ್ಟ್ ಜನ ಇಂಗ್ ಹಾಕ್ಕಂಡವ್ರೆ, ಎಲ್ರುದೂ ಅಗೀರಿ ಮೇಡಂ, ನೋಡಣ!” ಎಂದು ಕೂಗಿದರು. ಜಯಮ್ಮ ನಡೆದುಕೊಂಡೇ ಬಂದರು. ಗುಂಡಿಯ ಅಂಚಿನಲ್ಲಿ ಬಗ್ಗಿ ಆ ಟ್ಯೂಬನ್ನು ನೋಡಿದರು.

“ಟ್ಯಾಂಕರ್ ಹಾಕ್ಸಿದೀನಿ ಅಂತ ನಂಗೂ ಹೇಳಿದ್ರಿ,” ಎಂದರು ಗಂಡನಿಗೆ. ದನಿ ಎತ್ತರಿಸಲಿಲ್ಲ.

“ಮನೇಗ್ ಬಾ, ಮಾತಾಡಣ.”

“ಬತ್ತೀನಿ. ಮೊದ್ಲು ಇದು ಆಗ್ಲಿ.” ಅಂಜಿನಪ್ಪನ ಕಡೆ ತಿರುಗಿ, “ಕಿತ್ತಾಕಪ್ಪ ಅದ್ನ. ನಿನ್ ಕೆಲ್ಸಕ್ಕೆ ಏನೂ ಆಗಲ್ಲ, ನಾನ್ ಇದೀನಿ,” ಎಂದರು.

ಅವನು ಗುಂಡಿಗೆ ಇಳಿದ. ಮುನಿಕೃಷ್ಣಪ್ಪ ಬೈಕು ತಿರುಗಿಸಿಕೊಂಡು ಹೋದರು. ಅವರ ಮನೆಯಲ್ಲಿ ಅವತ್ತು ಏನು ನಡೆಯಿತೋ ನನಗೆ ಗೊತ್ತಿಲ್ಲ. ಮಾರನೆಯ ದಿನ ಜಯಮ್ಮ ಎಂದಿನ ಹೊತ್ತಿಗೆ ಆಫೀಸಿಗೆ ಬಂದರು, ಒಬ್ಬರೇ.

ಹುಲಿಗೆಮ್ಮನ ಮಗಳದ್ದು ಮಾತ್ರ ಬೇಗ ಮುಗಿಯಲಿಲ್ಲ. ಮೂತ್ರಪಿಂಡಕ್ಕೆ ಪೆಟ್ಟಾಗಿರಬಹುದು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದರು. ಆ ದಿನಗಳಲ್ಲಿ ಫೋನು ಬಡಿದುಕೊಂಡರೆ ಗೀತಾಳದ್ದೇ ಎಂದುಕೊಳ್ಳುತ್ತಿದ್ದೆ. ಮನೆಯಲ್ಲಿ ಊಟಕ್ಕೆ ಕುಳಿತರೂ ಅದನ್ನು ತಟ್ಟೆಯ ಪಕ್ಕವೇ ಇಟ್ಟುಕೊಳ್ಳುತ್ತಿದ್ದೆ. ಒಂದು ಬೆಳಿಗ್ಗೆ ಗೀತಾ, “ಮೇಡಂ, ಇಡ್ಲಿ ಬೇಕು ಅಂತ ಹಟ ಮಾಡ್ತಿದಾಳೆ,” ಎಂದಳು. ಆಗಷ್ಟೇ ಹುಡುಗಿ ಉಳಿದಳು ಎಂಬ ನಂಬಿಕೆ ಬಂತು.

ಕೆಳಬೀದಿಯ ಪೈಪುಗಳನ್ನು ತೊಳೆದು, ಆ ತುಂಡನ್ನು ಬದಲಿಸಿ, ಬಾಟಲಿ ಕಪ್ಪಾಗದೆ ಉಳಿದ ಮೇಲೆಯೇ ಮತ್ತೆ ನೀರು ಬಿಟ್ಟೆವು. ಮುನಿಕೃಷ್ಣಪ್ಪನವರಿಗೂ, ಹುಡುಕಿದಾಗ ಸಿಕ್ಕ ಇತರ ಅಕ್ರಮ ನಲ್ಲಿಗಳವರಿಗೂ ನೋಟಿಸು ಹೋಯಿತು. ನಂತರದ ಸಭೆಯಲ್ಲಿ ಶೆಡ್ಡುಗಳಿಗೆ ಪಂಚಾಯಿತಿಯಿಂದಲೇ ಒಂದು ಬೀದಿ ನಲ್ಲಿ ಹಾಕಿಸಬೇಕು ಎಂಬ ವಿಷಯವನ್ನು ಜಯಮ್ಮ ತಂದರು. “ಅವ್ರುದ್ದು ವೋಟೇ ಇಲ್ಲಿಲ್ಲ, ಯಾಕಮ್ಮ ನಲ್ಲಿ?” ಎಂದು ಸದಸ್ಯರೊಬ್ಬರು ಕೇಳಿದರು. “ಮಕ್ಳು ಇಲ್ಲೇ ಅವೆ,” ಎಂದರು ಜಯಮ್ಮ. ವಾದ ಬಹಳ ಹೊತ್ತು ನಡೆದು, ಕೂದಲೆಳೆಯ ಅಂತರದಲ್ಲಿ ಠರಾವು ಪಾಸಾಯಿತು. ಮುನಿಕೃಷ್ಣಪ್ಪ ಆಮೇಲೆ ನನ್ನೊಂದಿಗೆ ಮಾತಾಡಲಿಲ್ಲ. ಕೆಲವು ತಿಂಗಳಲ್ಲಿ ನನಗೆ ವರ್ಗವಾಯಿತು. ಅವರೇ ಮಾಡಿಸಿದರು ಎಂದು ಊರು ಹೇಳಿತು, ನನಗೆ ಖಚಿತವಿಲ್ಲ.

ಹೊರಡುವ ಮುಂಚೆ ನಡೆದ ಒಂದು ಸಂಗತಿಯನ್ನು ಬರೆಯಲೇಬೇಕು. ನೀರು ಕೆಟ್ಟ ಆ ವಾರವೇ ಕೆಳಬೀದಿಯ ಹಿರಿಯರೊಬ್ಬರು ತೀರಿಕೊಂಡಿದ್ದರು. ಎರಡು ದಿನ ಭೇದಿಯಾಗಿತ್ತು. ಮೊದಲೇ ಹೃದಯದ ಕಾಯಿಲೆಯೂ ಇತ್ತು. ಡಾಕ್ಟರು ಹೃದಯಾಘಾತ ಎಂದರು. ಅವರ ಸೊಸೆ ಖಾತೆ ಬದಲಾವಣೆಗೆ ಆಫೀಸಿಗೆ ಬಂದಿದ್ದಳು. ಕಾಗದಗಳನ್ನೆಲ್ಲ ಕೊಟ್ಟು ಎದ್ದವಳು ಬಾಗಿಲ ಹತ್ತಿರ ನಿಂತಳು.

“ಮೇಡಂ, ನಮ್ ಮಾವ ಓಗಿದ್ದು ಆ ನೀರಿಂದಾನಾ?”

“ಗೊತ್ತಿಲ್ಲಮ್ಮ,” ಎಂದೆ. “ಅಲ್ಲ ಅಂತ ಹೇಳೋಕೆ ನನ್ ಹತ್ರ ಏನೂ ಇಲ್ಲ.”

ಅವಳು ತಲೆಯಾಡಿಸಿ ಹೋದಳು. ಬೈದಿದ್ದರೆ ಹಗುರಾಗುತ್ತಿತ್ತು.

ಕಳೆದ ವರ್ಷ ನಿವೃತ್ತಳಾಗುವ ತನಕ ಇನ್ನೊಂದು ಪಂಚಾಯಿತಿಯಲ್ಲಿ ಕೆಲಸ ಮಾಡಿದೆ. ಅಲ್ಲಿಗೆ ಹೋದ ಮೊದಲ ವಾರ ಕಡತಗಳನ್ನು ಬದಿಗಿಟ್ಟು, ಟ್ಯಾಂಕಿನಿಂದ ಪೈಪಿನ ಗುಂಟ ನಡೆದೆ. ಪೈಪು ಮುಗಿದ ಮೇಲೂ ನಡೆದೆ, ಅದರಾಚೆ ಯಾರಿದ್ದಾರೆ, ಏನು ಕುಡಿಯುತ್ತಾರೆ ಎಂದು ನೋಡಲು. ಯಾವ ಪ್ರಕಟಣೆ ಹೊರಡಿಸಿದರೂ ಸಂಜೆ ಊರಾಚೆಯ ಕೊನೆಯ ಗುಡಿಸಿಲಿಗೆ ಹೋಗಿ, “ಇವತ್ತು ಪಂಚಾಯ್ತಿಯೋರು ಏನ್ ಹೇಳಿದ್ರಮ್ಮ?” ಎಂದು ಕೇಳುತ್ತಿದ್ದೆ. ಸುದ್ದಿ ಹೇಳುವುದು ನಮ್ಮ ಕೆಲಸದ ಅರ್ಧ ಮಾತ್ರ. ಅದು ತನಗಾಗಿ ಹೇಳಿದ್ದು ಎಂದು ಕೇಳಿದವರಿಗೆ ಅನ್ನಿಸಬೇಕು, ಅದು ಉಳಿದರ್ಧ. ಎಷ್ಟೋ ಸಂಜೆ ಆ ಗುಡಿಸಿಲಿನವರು, “ಏನೂ ಹೇಳ್ಲಿಲ್ವಲ್ಲ,” ಎನ್ನುತ್ತಿದ್ದರು. ನಾನು ಅಲ್ಲೇ ಕುಳಿತು ಮೊದಲಿನಿಂದ ಹೇಳುತ್ತಿದ್ದೆ.