ಫ್ಯಾನಿನ ಸದ್ದು ತೆಗೆದ ಮೇಲೆ

ಕಜೆಟನ್ ಅವರ ಸ್ವರ ಮೊದಲ ಸಲ ಒಡೆದದ್ದು ಬೋಳಾರದ ಹೊಳೆಬದಿಯ ಒಂದು ಮದುವೆ ಹಾಲಿನಲ್ಲಿ, ಐನೂರು ಜನರ ಎದುರು. ಒಡೆದದ್ದು ಸ್ವರ ಎಂದು ಆ ದಿನ ಒಬ್ಬರಿಗೂ ತಿಳಿಯಲಿಲ್ಲ. ಎಲ್ಲರೂ ಮೈಕನ್ನು ಬೈದರು. ಸೌಂಡಿನವನು ಓಡಿ ಬಂದು ವಯರು ಅಲ್ಲಾಡಿಸಿದ, ಬ್ಯಾಟರಿ ಬದಲಿಸಿದ, ಕೊನೆಗೆ ಮೈಕನ್ನೇ ಎರಡು ಸಲ ಬದಲಿಸಿದ. ಮೂರನೇ ಮೈಕಿನಲ್ಲೂ ಅದೇ ಕರಕರ. ಮೂರನೇ ಸಾಲಿನಲ್ಲಿ ಕೂತಿದ್ದ ಹೆಂಡತಿ ಗೆರ್ಟ್ರೂಡ್ ಟೀಚರ್ ಕೂಡ ಮನೆಗೆ ಬರುವಾಗ ರಿಕ್ಷಾದಲ್ಲಿ ಅದನ್ನೇ ಹೇಳಿದರು, ಆ ಹಾಲಿನ ಮೆಷಿನೇ ಸರಿ ಇಲ್ಲ ಎಂದು.

ಕಜೆಟನ್ ಯಾರು ಎಂದು ಊರಿಗೆ ಹೇಳಬೇಕಾಗಿಲ್ಲ, ಆದರೂ ಗೊತ್ತಿಲ್ಲದವರಿಗೆ ಹೇಳಿಬಿಡೋಣ. ಮಂಗಳೂರಿನ ಕ್ಯಾಥೊಲಿಕರ ಮದುವೆಯಲ್ಲಿ ಕೇಕ್ ಕತ್ತರಿಸಿದ ಮೇಲೆ ಟೋಸ್ಟ್ ಇರುತ್ತದೆ. ಒಬ್ಬರು ವೇದಿಕೆಗೆ ಬಂದು ಮದುಮಕ್ಕಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ನಗಿಸಿ, ಒಂದಿಷ್ಟು ಅಳಿಸಿ, ಎಲ್ಲರ ಕೈಯಲ್ಲೂ ಗ್ಲಾಸ್ ಎತ್ತಿಸಬೇಕು. ಲಾರಿ ಆಫೀಸಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದ ಕಜೆಟನ್ ಮೂವತ್ತೊಂದು ವರ್ಷ ಆ ಕೆಲಸ ಮಾಡಿದವರು. ಅವರ ಟೋಸ್ಟ್ ಯಾವಾಗಲೂ ಒಂದೇ ಪ್ರಶ್ನೆಯಿಂದ ಶುರು: ಎಲ್ಲರ ಗ್ಲಾಸಿನಲ್ಲಿ ಉಂಟಲ್ಲ? ಅಷ್ಟು ಕೇಳಿದರೆ ಸಾಕು, ಹೊರಗೆ ಸಿಗರೇಟು ಸೇದುತ್ತಿದ್ದವರೂ ಒಳಗೆ ಬರುತ್ತಿದ್ದರು.

ಅಕ್ಟೋಬರಿನಲ್ಲಿ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು ಗಂಟಲಿನೊಳಗಿನ ಚಿತ್ರ ತೋರಿಸಿದರು. ಸ್ವರದ ಪೆಟ್ಟಿಗೆಯಲ್ಲಿ ಗಡ್ಡೆ. ಜೀವ ಉಳಿಯಬೇಕಾದರೆ ಪೆಟ್ಟಿಗೆಯನ್ನೇ ತೆಗೆಯಬೇಕು. ಕಜೆಟನ್ ಕೇಳಿದ್ದು ಒಂದೇ ಮಾತು, ಜನವರಿಯ ನಂತರ ಮಾಡಬಹುದಾ ಎಂದು. ಡಾಕ್ಟರು ಕ್ಯಾಲೆಂಡರ್ ನೋಡದೆಯೇ ತಲೆ ಅಲ್ಲಾಡಿಸಿದರು. ನವೆಂಬರ್ ಕೊನೆಯ ವಾರ ಎಂದು ಬರೆದುಕೊಟ್ಟರು.

ಜನವರಿಯಲ್ಲಿ ಮಗಳು ಆಂಡ್ರಿಯಾಳ ಮದುವೆ. ಮಸ್ಕತ್ತಿನಲ್ಲಿ ನರ್ಸ್ ಆಗಿರುವ ಒಬ್ಬಳೇ ಮಗಳು. ಅಪ್ಪನೇ ಮಗಳ ಟೋಸ್ಟ್ ಮಾಡುವ ಕ್ರಮ ಇಲ್ಲ, ಬೇರೆಯವರೇ ಮಾಡಬೇಕು. ಆದರೆ ಆಂಡ್ರಿಯಾ ಐದನೇ ಕ್ಲಾಸಿನಲ್ಲೇ ಹೇಳಿಟ್ಟಿದ್ದಳು, ನನ್ನದನ್ನು ಡ್ಯಾಡಿಯೇ ಮಾಡಬೇಕು, ಇಲ್ಲದಿದ್ದರೆ ಮದುವೆಯೇ ಬೇಡ ಎಂದು. ಕಜೆಟನ್ ಊರಿನವರ ಹೆಣ್ಣುಮಕ್ಕಳಿಗೆ ಆಡಿದ ಮಾತೆಲ್ಲ ಊರಿನ ಕಪಾಟುಗಳಲ್ಲಿ ಸಿಡಿಗಳಾಗಿ ಕೂತಿದೆ. ಸ್ವಂತ ಮಗಳಿಗೆ ಆಡಿದ್ದು ಒಂದೂ ಇಲ್ಲ.

"ಸ್ವರ ಇರುವಾಗ ವಿಡಿಯೊ ಮಾಡಿ ಇಡುವ," ಎಂದರು ಟೀಚರ್. "ಹಾಲಿನಲ್ಲಿ ದೊಡ್ಡ ಪರದೆಯಲ್ಲಿ ಹಾಕುವ."

ಸ್ಟುಡಿಯೊದವರನ್ನು ಕರೆಸಲು ಕಜೆಟನ್ ಒಪ್ಪಲಿಲ್ಲ. ಒಡೆದ ಸ್ವರವನ್ನು ಹೊರಗಿನವರ ಕೆಮರಾ ನೋಡುವುದು ಬೇಡ. ಹಾಗಾಗಿ ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ, ಮೊಬೈಲಿನಲ್ಲಿ ಫೋಟೊ ಫಾರ್ವರ್ಡ್ ಮಾಡುವುದು ಬಿಟ್ಟು ಬೇರೇನೂ ಮಾಡದ ಗೆರ್ಟ್ರೂಡ್ ಟೀಚರ್ ಅರವತ್ತೆರಡನೇ ವಯಸ್ಸಿನಲ್ಲಿ ವಿಡಿಯೊ ಎಡಿಟಿಂಗ್ ಕಲಿಯಲು ಹೊರಟರು. ಎಂಥ ಹೆಂಗಸು ನೋಡಿ! ಚೌಕುಳಿ ಪುಸ್ತಕದಲ್ಲಿ ಗೆರೆ ಹಾಕಿ ಒಂದು ಕಡೆ ಪ್ರೊಸೆಸರ್, ಒಂದು ಕಡೆ ರ‍್ಯಾಮ್, ಒಂದು ಕಡೆ ಡಿಸ್ಕ್ ಎಂದು ಬರೆದುಕೊಂಡು, ಯೂಟ್ಯೂಬ್ ನೋಡಿ ನೋಡಿ ಒಂದೊಂದಕ್ಕೂ ಮಾರ್ಕು ಕೊಟ್ಟರು. ಆಮೇಲೆ ಬಿಜೈಯ ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ತಂಗಿಯ ಮಗ ಕ್ಯಾಲ್ವಿನ್ ಹತ್ತಿರ ಹೋದರು.

ಕ್ಯಾಲ್ವಿನ್ ಒಳ್ಳೆಯ ಹುಡುಗ. ಹೊಸ ಲ್ಯಾಪ್‌ಟಾಪ್ ಬೇಡವೇ ಬೇಡ ಎಂದ. ಆಫೀಸಿನವರು ಬಳಸಿ ಬಿಟ್ಟ ಡೆಸ್ಕ್‌ಟಾಪ್ ಸಾಕು, ಮನೆಯ ಟಿವಿಯೇ ಮಾನಿಟರ್ ಆಗುತ್ತದೆ. ಆದರೆ ರ‍್ಯಾಮ್ ಹದಿನಾರು ಜಿಬಿ ಇರಲಿ, ಜೊತೆಗೆ ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕ್ ಇರಲಿ ಎಂದು ಹೇಳಿದ. ಟೀಚರ್ ಪುಸ್ತಕ ಬಿಡಿಸಿ ಎರಡನ್ನೂ ಹೊಡೆದು ಹಾಕಿದರು. ಒಂದು ಟೋಸ್ಟಿಗೆ ಇಷ್ಟೆಲ್ಲ ಎಂತಕ್ಕೆ ಎಂದು ಅವರ ಲೆಕ್ಕ. ಆಪರೇಶನ್ನಿನ ಖರ್ಚು ಎದುರಿಗೆ ನಿಂತಿತ್ತಲ್ಲ.

"ರ‍್ಯಾಮ್ ಬಿಡಿ ಆಂಟಿ, ಅದು ಸ್ಲೋ ಆಗ್ತದೆ ಅಷ್ಟೆ," ಎಂದ ಕ್ಯಾಲ್ವಿನ್. "ಹಾರ್ಡ್ ಡಿಸ್ಕ್ ಮಾತ್ರ ಬಿಡ್ಬೇಡಿ. ಒಂದೇ ಕಡೆ ಇಟ್ಟದ್ದು ಹೋದ್ರೆ ಹೋಯ್ತು ಮತ್ತೆ."

"ಮುಂದಿನ ತಿಂಗಳು ನೋಡುವ ಮಗಾ."

ಮುಂದಿನ ತಿಂಗಳು ಅವರಿಗೆ ಎಲ್ಲಿತ್ತು? ಆದರೂ ಹಾಗೆ ಹೇಳಿ ಎಂಟು ಜಿಬಿಯ, ಸಣ್ಣ ಡಿಸ್ಕಿನ ಪೆಟ್ಟಿಗೆಯನ್ನು ರಿಕ್ಷಾಕ್ಕೆ ಹಾಕಿಕೊಂಡು ಬಂದರು.

ಸಾಫ್ಟ್‌ವೇರಿನಲ್ಲೂ ಹೀಗೇ ಪರೀಕ್ಷೆ ನಡೆಯಿತು. ಮೊಬೈಲಿನ ಒಂದು ಆ್ಯಪ್ ಕಜೆಟನ್ ಅವರ ಕಿವಿಯ ಮೇಲೆ ತನ್ನ ಹೆಸರು ಅಚ್ಚು ಹಾಕಿತು, ಅದು ಫೇಲು. ಸಿನೆಮಾದವರು ಬಳಸುವ ಇನ್ನೊಂದು ಧರ್ಮಕ್ಕೆ ಸಿಗುತ್ತದೆ, ಆದರೆ ಈ ಪೆಟ್ಟಿಗೆಯಲ್ಲಿ ತೆರೆಯುವಾಗಲೇ ಕಲ್ಲಾಗಿ ಕೂತಿತು, ಅದೂ ಫೇಲು. ಮೂರನೆಯದ್ದು ಹಗುರ, ಪುಕ್ಕಟೆ, ಟೀಚರಿಗೆ ಅರ್ಥವಾಗುವಂಥದ್ದು. ಆದರೆ ಪ್ಲೇ ಮಾಡಿದರೆ ಚಿತ್ರ ಕುಂಟುತ್ತಿತ್ತು, ಮಾತು ತುಂಡು ತುಂಡಾಗುತ್ತಿತ್ತು. ಫೋನ್ ಮಾಡಿ ಕೇಳಿದಾಗ ಕ್ಯಾಲ್ವಿನ್ ಧೈರ್ಯ ಹೇಳಿದ, ಎಡಿಟ್ ಮಾಡುವಾಗ ಹಾಗೇ, ರ‍್ಯಾಮ್ ಕಮ್ಮಿ ಅಲ್ಲವಾ, ಕಡೆಗೆ ಫೈಲ್ ಹೊರಗೆ ಬರುವಾಗ ಸರಿ ಇರುತ್ತದೆ ಎಂದ. ಟೀಚರ್ ಆ ಮಾತನ್ನು ಪುಸ್ತಕದಲ್ಲಿ ಬರೆದು ಕೆಳಗೆ ಕೆಂಪು ಗೆರೆ ಎಳೆದರು. ಮನೆ ಹಾಳು ಮಾಡಿದ್ದು ಆ ಕೆಂಪು ಗೆರೆಯೇ.

ಅಂಗಿಯ ಕಾಲರಿಗೆ ಸಿಕ್ಕಿಸುವ ಮೈಕ್ ಬಂದ ದಿನ ಗಂಡನನ್ನು ಕೂರಿಸಿ ಮೊಬೈಲಿನಲ್ಲಿ ಇಪ್ಪತ್ತೆರಡು ಸೆಕೆಂಡಿನ ಒಂದು ಟೆಸ್ಟ್ ಮಾಡಿ ಕ್ಯಾಲ್ವಿನ್‌ಗೆ ವಾಟ್ಸ್ಆ್ಯಪ್ ಮಾಡಿದರು. ಸ್ವರ ಉಂಟು, ಆದರೆ ಫ್ಯಾನಿನ ಸದ್ದು ಜೋರಾಯಿತು, ಆಫ್ ಮಾಡಿ ಎಂದು ಅವನ ಉತ್ತರ. ಹೇಳುವುದು ಸುಲಭ. ನವೆಂಬರ್ ಆದರೂ ಸೆಕೆ ಹೋಗಿರಲಿಲ್ಲ. ಫ್ಯಾನ್ ನಿಲ್ಲಿಸಿದ ಎರಡು ನಿಮಿಷಕ್ಕೆ ಕಜೆಟನ್ ಅವರ ಬನಿಯನ್ ಒದ್ದೆ, ಕೆಮ್ಮು ಶುರು, ಕೆಮ್ಮಿದರೆ ಇದ್ದ ಸ್ವರವೂ ಹೋಗುತ್ತಿತ್ತು. ಈ ಊರಿನಲ್ಲಿ ಬಾಣಂತಿಯ ಕೋಣೆಯಲ್ಲೂ ಫ್ಯಾನ್ ನಿಲ್ಲುವುದಿಲ್ಲ, ಕಾಯಿಲೆಯವರ ಮೇಲೆ ನಿಲ್ಲಿಸುತ್ತಾರಾ? ಫ್ಯಾನ್ ತಿರುಗುತ್ತಲೇ ಇತ್ತು. ಸದ್ದು ಆಮೇಲೆ ತೆಗೆದರಾಯಿತು ಎಂದರು ಟೀಚರ್. ಗದ್ದಲ ತೆಗೆಯುವ ಒಂದು ಪುಕ್ಕಟೆ ಪ್ರೋಗ್ರಾಮ್ ಅವರು ಆಗಲೇ ಹುಡುಕಿ ಇಟ್ಟಿದ್ದರು.

ಐದು ಬೆಳಗ್ಗೆ ಐದು ಸಲ ಕೂತರು. ಕಾಫಿ ಆದ ಕೂಡಲೇ ಸ್ವಲ್ಪ ಸ್ವರ ಇರುತ್ತಿತ್ತು. ಮೊದಲ ದಿನ ಉಜ್ಜು ಕಾಗದ ಎಳೆದ ಹಾಗೆ. ಆಂಡ್ರಿಯಾ ಹುಟ್ಟಿದ ದಿನ ಲಾರಿ ಆಫೀಸಿನಲ್ಲಿ ಸ್ವೀಟ್ ಹಂಚಿದ ಕತೆ ಹೇಳಿದರು. ಮೂರನೇ ದಿನ ಟಯರಿನಿಂದ ಗಾಳಿ ಹೋದ ಹಾಗೆ. ಅಳಿಯನಿಗೆ ಎರಡು ಕಿವಿಮಾತು. ಐದನೇ ದಿನ ಬರೀ ಉಸಿರು, ಉಸಿರಿನೊಳಗೆ ಮಾತಿನ ಗುರುತು. ಆ ದಿನ ಕಜೆಟನ್ ಹೆಂಡತಿಯನ್ನು ಕೋಣೆಯಿಂದ ಹೊರಗೆ ಕಳಿಸಿದರು.

"ರೆಕಾರ್ಡ್ ಒತ್ತಿ ಹೋಗು ಗೆರ್ಟಿ. ಇದರಲ್ಲಿ ನಿನ್ನ ಬಗ್ಗೆಯೂ ಉಂಟು."

"ಹೇಗೂ ಎಡಿಟ್ ಮಾಡುವಾಗ ನಾನೇ ಕೇಳುದಲ್ವಾ?"

"ಆಗ ಕೇಳು. ನನ್ನ ಎದುರು ಬೇಡ."

ಟೀಚರ್ ಅಡುಗೆಮನೆಯಲ್ಲಿ ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜುತ್ತಾ ನಿಂತರು. ಗೋಡೆಯ ಆಚೆಯಿಂದ ಫ್ಯಾನಿನ ಸದ್ದು ಬಿಟ್ಟು ಮತ್ತೇನೂ ಕೇಳಿಸಲಿಲ್ಲ.

ಪ್ರತಿ ದಿನದ ವಿಡಿಯೊವನ್ನು ಕಂಪ್ಯೂಟರಿಗೆ ಹಾಕಿ ಮೊಬೈಲಿನಿಂದ ಅಳಿಸುತ್ತಿದ್ದರು. ಮೊಬೈಲ್ ತುಂಬ ಗುಡ್ ಮಾರ್ನಿಂಗ್ ಫೋಟೊಗಳು, ಜಾಗ ಇರಲಿಲ್ಲ. ಆಮೇಲೆ ಐದು ವಿಡಿಯೊಗಳನ್ನೂ ಆ ಗದ್ದಲ ತೆಗೆಯುವ ಪ್ರೋಗ್ರಾಮಿನೊಳಗೆ ಬಿಟ್ಟರು. ಎಷ್ಟು ತೆಗೆಯಬೇಕು ಎಂದು ಅದು ಸೊನ್ನೆಯಿಂದ ನೂರರ ತನಕ ಒಂದು ಗುಂಡಿ ಇಟ್ಟಿತ್ತು. ಮಕ್ಕಳಿಗೆ ನೂರಕ್ಕೆ ನೂರು ಕೊಡಲು ಜೀವಮಾನವಿಡೀ ಹಿಂದೆ ಮುಂದೆ ನೋಡಿದ ಟೀಚರ್ ಗುಂಡಿಯನ್ನು ನೂರಕ್ಕೆ ಎಳೆದು ಬಿಟ್ಟರು. ಮುಗಿಯುವಷ್ಟರಲ್ಲಿ ಡಿಸ್ಕ್ ತುಂಬಿದೆ ಎಂದು ಕೆಂಪು ಪಟ್ಟಿ ಬಂತು. ಹಳೆಯದ್ದೂ ತೊಳೆದದ್ದೂ ಎರಡೆರಡು ಎಂತಕ್ಕೆ ಎಂದು ಹಳೆಯ ಐದನ್ನೂ ಅಳಿಸಿದರು, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಅವರು ಮನೆಯಲ್ಲೂ ಹಾಗೆಯೇ, ಸಂಜೆಗೆ ಕಸ ಉಳಿಸುವವರಲ್ಲ.

ತೊಳೆದ ವಿಡಿಯೊಗಳನ್ನು ಜೋಡಿಸುವಾಗ ಮಾತು ಅಲ್ಲಲ್ಲಿ ಮಾಯವಾಗುತ್ತಿತ್ತು. ಐದನೆಯದ್ದರಲ್ಲಿ ಮಾತೇ ಕೇಳಿಸಲಿಲ್ಲ. ಟೀಚರ್ ಪುಸ್ತಕ ತೆರೆದು ಕೆಂಪು ಗೆರೆ ನೋಡಿಕೊಂಡರು. ರ‍್ಯಾಮ್ ಕಮ್ಮಿ. ಫೈಲ್ ಹೊರಗೆ ಬಂದ ಮೇಲೆ ಸರಿಯಾಗಿ ಕೇಳುವ ಎಂದುಕೊಂಡು, ಗಂಡನ ತುಟಿ ಅಲ್ಲಾಡಿದ್ದನ್ನು ನೋಡಿ ನೋಡಿ ಕತ್ತರಿಸಿದರು.

ಫೈಲ್ ಹೊರಗೆ ಬಂದ ದಿನವೇ ಆಸ್ಪತ್ರೆಯಿಂದ ಫೋನು. ಬೆಡ್ ಖಾಲಿಯಾಗಿದೆ, ಎರಡು ದಿನ ಮೊದಲೇ ಬನ್ನಿ ಎಂದರು. ಪೆನ್‌ಡ್ರೈವಿಗೆ ಹಾಕಿ ಪರ್ಸಿನಲ್ಲಿಟ್ಟುಕೊಂಡು ಹೊರಟರು. ನೋಡಲು ಪುರುಸೊತ್ತಾಗಲಿಲ್ಲ. ಮರುದಿನ ಬೆಳಗ್ಗೆ ಸ್ಟ್ರೆಚರ್ ಮೇಲೆ ಮಲಗಿ ಕಜೆಟನ್ ಕೊನೆಯದಾಗಿ ಕೇಳಿದ್ದು, ಸರಿ ಬಂದಿದೆಯಾ ಎಂದು. ಟೀಚರ್ ಪರ್ಸನ್ನು ತಟ್ಟಿ ತೋರಿಸಿದರು.

ಆಪರೇಶನ್ ಆದ ನಾಲ್ಕನೇ ದಿನ ಮಧ್ಯಾಹ್ನ ಸ್ನಾನಕ್ಕೆಂದು ಮನೆಗೆ ಬಂದ ಟೀಚರ್ ಪೆನ್‌ಡ್ರೈವನ್ನು ಟಿವಿಗೆ ಸಿಕ್ಕಿಸಿದರು. ಪರದೆಯಲ್ಲಿ ಕಜೆಟನ್ ಬಂದರು, ನಗುತ್ತಾ. ಎರಡು ಮಾತು ಕೇಳಿಸಿತು, ಮೂರನೆಯದ್ದು ಇಲ್ಲ. ಆಮೇಲೆ ಅರ್ಧ ಮಾತು. ಆಮೇಲೆ ಏನೂ ಇಲ್ಲ. ಟೀಚರ್ ವಾಲ್ಯೂಮ್ ಏರಿಸಿದರು. ಪೆನ್‌ಡ್ರೈವ್ ತೆಗೆದು ಊದಿ ಮತ್ತೆ ಸಿಕ್ಕಿಸಿದರು. ಕೊನೆಗೆ ಕಂಪ್ಯೂಟರಿನಲ್ಲೇ ಹಾಕಿ ಕಿವಿಗೆ ಇಯರ್‌ಫೋನ್ ಒತ್ತಿ ಹಿಡಿದರು. ಮೂರನೇ ಸಲಕ್ಕೆ ಅವರ ಕೈ ನಿಂತಿತು. ಬೋಳಾರದ ಹಾಲಿನ ಸೌಂಡಿನವನೂ ಹೀಗೆಯೇ ಮೂರನೇ ಮೈಕಿನ ತನಕ ಹೋಗಿದ್ದ.

ಪರದೆಯಲ್ಲಿ ಕಜೆಟನ್ ಅವರ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಅದಕ್ಕೆ ಸದ್ದಿರಲಿಲ್ಲ. ಕೆಳಗೆ ತುಟಿ ಅಲ್ಲಾಡುತ್ತಿತ್ತು, ಅದಕ್ಕೂ ಸದ್ದಿರಲಿಲ್ಲ. ಅಷ್ಟು ಒಡೆದ ಸ್ವರವನ್ನು ಆ ಪ್ರೋಗ್ರಾಮ್ ಮನುಷ್ಯನದ್ದು ಎಂದು ತಿಳಿಯಲೇ ಇಲ್ಲ. ಫ್ಯಾನಿನ ಜೊತೆ ಅದನ್ನೂ ಗುಡಿಸಿ ಹಾಕಿತ್ತು. ಸ್ವರ ಎಷ್ಟು ಕ್ಷೀಣವೋ ಅಷ್ಟು ಚೊಕ್ಕವಾಗಿ. ಐದನೇ ದಿನದ್ದು ಪೂರ್ತಿ ಚೊಕ್ಕ. ಒಂದು ಜಾಗದಲ್ಲಿ ಕಜೆಟನ್ ಅಡುಗೆಮನೆಯ ಗೋಡೆಯ ಕಡೆ ಬೆರಳು ತೋರಿಸಿ ಏನೋ ಹೇಳಿ ಕಣ್ಣು ಒರೆಸಿಕೊಂಡರು.

ಓಡಿ ಬಂದ ಕ್ಯಾಲ್ವಿನ್ ಸಂಜೆಯ ತನಕ ಕೂತು ಅಳಿಸಿದ್ದನ್ನು ಹುಡುಕಿದ. "ಈ ಡಿಸ್ಕಲ್ಲಿ ಒಮ್ಮೆ ಹೋದದ್ದು ಸಿಗುದಿಲ್ಲ ಆಂಟಿ," ಎಂದ ಮುಖ ನೋಡದೆ. ಆಮೇಲೆ ತನ್ನ ಮೊಬೈಲ್ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಮೇಲೆ ಮೇಲೆ ಹೋಗಿ ಒಂದು ಕಡೆ ನಿಲ್ಲಿಸಿದ. ಆ ಇಪ್ಪತ್ತೆರಡು ಸೆಕೆಂಡು ಅಲ್ಲೇ ಕೂತಿತ್ತು.

ಮರುದಿನ ಟೀಚರ್ ಎಲ್ಲವನ್ನೂ ಗಂಡನಿಗೆ ಹೇಳಿದರು, ಒಂದೂ ಮುಚ್ಚಿಡದೆ. ಕಜೆಟನ್ ಉಸಿರಾಟಕ್ಕೆಂದು ಕುತ್ತಿಗೆಯಲ್ಲಿ ಮಾಡಿದ ತೂತಿಗೆ ಬಟ್ಟೆ ಕಟ್ಟಿಕೊಂಡಿದ್ದರು. ಐದನೇ ದಿನ ಎಂತ ಹೇಳಿದ್ದು, ಇದರಲ್ಲಿ ಬರೆಯಿರಿ ಎಂದು ಟೀಚರ್ ಸ್ಲೇಟು ಕೊಟ್ಟರು. ಅವರು ಕಡ್ಡಿ ಹಿಡಿದು ತಡೆದು ತಡೆದು ಬರೆದರು: ಅದು ಬರೆಯುವ ಮಾತಲ್ಲ.

ಜನವರಿಯಲ್ಲಿ ಅದೇ ಬೋಳಾರದ ಹಾಲು. ಕೇಕ್ ಆಯಿತು. ದೀಪ ಸಣ್ಣಗಾಗಿ ದೊಡ್ಡ ಸ್ಪೀಕರುಗಳಿಂದ ಮೊದಲು ಬಂದದ್ದು ಗೊರ್ರೆನ್ನುವ ಸದ್ದು. ಜನ ತಲೆಯೆತ್ತಿ ಹಾಲಿನ ಫ್ಯಾನುಗಳನ್ನು ನೋಡಿದರು. ಆಮೇಲೆ ಆ ಸ್ವರ.

"ಗೆರ್ಟಿ, ಇದು ಆನ್ ಉಂಟಾ? ಫ್ಯಾನ್ ತೆಗಿಬೇಡ ಮಾರಾಯ್ತಿ, ಸೆಕೆ. ಎಂತ ಹೇಳುದು ಈಗ, ಟೆಸ್ಟಿಗೆ? ಆಯ್ತು. ಎಲ್ಲರ ಗ್ಲಾಸಿನಲ್ಲಿ ಉಂಟಲ್ಲ?"

ಅಷ್ಟೇ. ಐನೂರು ಗ್ಲಾಸುಗಳು ಮೇಲೆದ್ದು ಅಲ್ಲೇ ನಿಂತವು. ಮುಂದಿನ ಮಾತು ಬರಲಿಲ್ಲ. ಯಾವಾಗ ಕುಡಿಯಬೇಕೆಂದು ಒಬ್ಬರಿಗೂ ಗೊತ್ತಿಲ್ಲ. ವೇದಿಕೆಯಲ್ಲಿ ಆಂಡ್ರಿಯಾ ಅಪ್ಪನ ತೋಳು ಹಿಡಿದಿದ್ದಳು. ಫ್ಯಾನಿನ ಸದ್ದು ಮಾತ್ರ ಹೋಗುತ್ತಲೇ ಇತ್ತು. ಟೀಚರ್ ಅದನ್ನು ಬೇಕೆಂದೇ ಉದ್ದಕ್ಕೆ ಜೋಡಿಸಿದ್ದರು. ಸೌಂಡಿನವನು ಗಾಬರಿಯಾಗಿ ಆ ಸದ್ದು ತಗ್ಗಿಸಲು ಗುಂಡಿಗೆ ಕೈ ಹಾಕಿದ.

"ಮುಟ್ಬೇಡ," ಎಂದರು ಪಕ್ಕದಲ್ಲೇ ನಿಂತಿದ್ದ ಟೀಚರ್. "ಅದು ಹಾಗೇ ಇರ್ಲಿ."

ಕಜೆಟನ್ ಗ್ಲಾಸನ್ನು ಇನ್ನೂ ಸ್ವಲ್ಪ ಮೇಲೆತ್ತಿದರು. ಮಗಳ ಕಡೆಗಲ್ಲ, ಅಳಿಯನ ಕಡೆಗಲ್ಲ, ಹಾಲಿನ ಕೊನೆಯಲ್ಲಿ ವಯರುಗಳ ನಡುವೆ ನಿಂತಿದ್ದ ಹೆಂಗಸಿನ ಕಡೆಗೆ. ತುಟಿ ಅಲ್ಲಾಡಿತು. ಅಷ್ಟು ದೂರದಿಂದ ಟೀಚರಿಗೆ ಏನೂ ಓದಲಾಗಲಿಲ್ಲ.