ಚೆಂಡುಹೂವಿನ ಹೊಲದಲ್ಲಿ ಮೂರು ಓಟು

ಇವತ್ತು ಬೆಳಿಗ್ಗೆ ಗುಂಡ್ಲುಪೇಟೆ ಬಸ್ಸಿನ ಕಿಟಕಿಯಿಂದ ಚೆಂಡುಹೂವಿನ ಹೊಲ ನೋಡುತ್ತಿದ್ದೆ. ಅಷ್ಟು ಕೇಸರಿ ಬಣ್ಣದ ನಡುವೆ ಮೂರು ನೀಲಿ ಚುಕ್ಕೆ ಕಂಡವು.

ನಮ್ಮ ಶಾಲೆಯ ಯೂನಿಫಾರ್ಮು. ಮೂರೂ ಶಾಲೆಗೆ ಬೆನ್ನು ಹಾಕಿ ನಡೆಯುತ್ತಿದ್ದವು.

ಕಂಡಕ್ಟರಿಗೆ ಹೇಳಿ ಬಸ್ಸು ನಿಲ್ಲಿಸಬಹುದಿತ್ತು. ಆದರೆ ಎಲ್ಲರೆದುರು "ಸ್ವಲ್ಪ ನಿಲ್ಸಿ" ಎಂದು ಕೂಗುವುದಕ್ಕಿಂತ ಮುಂದಿನ ಸ್ಟಾಪಿನಲ್ಲಿ ಇಳಿದು ವಾಪಸ್ ನಡೆಯುವವರ ಪೈಕಿ ನಾನು. ಸುಮ್ಮನೆ ಕೂತೆ.

ಕನ್ನಡ ಎಂ.ಎ. ಮುಗಿಸಿ, ಚಾಮರಾಜನಗರದ ಕಡೆಯಿಂದ ದಿನಾ ಓಡಾಡುತ್ತಾ, ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿದ್ದೇನೆ. ಈ ವಾರ ಅಲ್ಲಿ ಮಕ್ಕಳ ಸಂಸತ್ತಿನ ಚುನಾವಣೆ. ಚುನಾವಣಾಧಿಕಾರಿ ನಾನೇ... ಬೇರೆ ಯಾರೂ ಒಪ್ಪಲಿಲ್ಲ, ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮ ಹೆಡ್ ಮಾಸ್ಟರಿಗೆ ಎಲ್ಲವೂ ಪುಸ್ತಕದಲ್ಲಿದ್ದ ಹಾಗೇ ಆಗಬೇಕು. ಹಾಗಾಗಿ ನಿನ್ನೆ ಒಂದೊಂದು ತರಗತಿಯೂ ತನ್ನ ಪ್ರತಿನಿಧಿಗಳನ್ನು ಆರಿಸಿತು. ಆ ಪ್ರತಿನಿಧಿಗಳು ಸೇರಿ ಪ್ರಧಾನಿಯನ್ನು ಆರಿಸುವುದು ಇವತ್ತು.

ನಡುವೆ ಒಂದು ರಾತ್ರಿ ಬಿಟ್ಟಿದ್ದೇ ತಪ್ಪಾಯಿತು. ಇದು ಕರ್ನಾಟಕ ಎಂಬುದನ್ನು ಮರೆತಿದ್ದೆವು.

ನಮ್ಮ ಪ್ರಧಾನಿಗೆ ಒಂದು ನಿಜವಾದ ಅಧಿಕಾರವಿದೆ. ಆಟದ ಸಾಮಾನಿನ ಬೀರುವಿನ ಬೀಗದ ಕೈ ಅವರ ಬಳಿ ಇರುತ್ತದೆ. ಇರುವ ಒಂದೇ ವಾಲಿಬಾಲು ಇಷ್ಟು ವರ್ಷ ಹುಡುಗರ ಕೈ ಬಿಟ್ಟು ಬಂದಿಲ್ಲ. ಹುಡುಗಿಯರು ಕಟ್ಟೆ ಮೇಲೆ ಕೂತು ಸ್ಕೋರ್ ಎಣಿಸುತ್ತಾರೆ.

ಏಳನೇ ಕ್ಲಾಸಿನ ರಮ್ಯ ಚುನಾವಣೆಗೆ ನಿಂತಿದ್ದು ಅದಕ್ಕೇ. "ವಾರಕ್ಕೆ ಮೂರು ದಿನ ಬಾಲು ನಮಗೆ." ಅಷ್ಟೇ ಅವಳ ಪ್ರಣಾಳಿಕೆ. ಎದುರಾಳಿ ಅದೇ ಕ್ಲಾಸಿನ ಚೇತನ್. ಅವನ ಚಿಕ್ಕಪ್ಪ ಪಂಚಾಯ್ತಿ ಮೆಂಬರು.

ಇಬ್ಬರಿಗೂ ಭಾಷಣ ಮಾಡುವುದನ್ನು ಹೇಳಿಕೊಟ್ಟವಳು ನಾನೇ. "ತಲೆ ಎತ್ತಿ, ಗಟ್ಟಿಯಾಗಿ ಮಾತಾಡಬೇಕು" ಎಂದೆ. ನಮ್ಮೂರ ಹೋದ ಸಲದ ಗ್ರಾಮಸಭೆಯಲ್ಲಿ, ಬಸ್ ಸ್ಟಾಪಿನ ಬೀದಿದೀಪ ಕೆಟ್ಟಿರುವುದನ್ನು ಕೇಳಲು ಎದ್ದು, ಜನ ತಿರುಗಿ ನೋಡಿದ ಕೂಡಲೇ ದುಪಟ್ಟಾ ಸರಿ ಮಾಡಿಕೊಳ್ಳಲು ಎದ್ದವಳ ಹಾಗೆ ನಟಿಸಿ ಕೂತುಬಿಟ್ಟವಳೂ ನಾನೇ.

ಪ್ರಾರ್ಥನೆ ಮುಗಿಯಿತು. ಶೂ ಡಬ್ಬಕ್ಕೆ ಸೀಳು ಕೊರೆದು ಮಾಡಿದ ಮತಪೆಟ್ಟಿಗೆ ಮೇಜಿನ ಮೇಲಿದೆ. ಹೆಸರು ಕರೆದರೆ ಮೂವರು ಪ್ರತಿನಿಧಿಗಳಿಲ್ಲ! ಮೂವರೂ ಚೇತನ್‌ಗೇ ಓಟು ಎಂದು ಆಣೆ ಮಾಡಿದ್ದವರು.

ಚೇತನ್ ಮಾತ್ರ ಬಹಳ ಶಾಂತವಾಗಿ ಗೋಡೆ ಗಡಿಯಾರ ನೋಡುತ್ತಿದ್ದಾನೆ.

ನನಗೆ ನೀಲಿ ಚುಕ್ಕೆಗಳು ನೆನಪಾದವು. "ಸರ್... ಅವರು ಹೂವಿನ ಹೊಲದಲ್ಲಿದ್ದಾರೆ" ಎಂದೆ. ಹೆಡ್ ಮಾಸ್ಟರಿಗೆ ಕೇಳಿಸುವಷ್ಟರಲ್ಲಿ ಮೂರು ಸಲ ಹೇಳಬೇಕಾಯಿತು.

"ಏನ್ಲಾ ಚೇತ, ಐಕಳ ಎಲ್ಲಿಗ್ಲಾ ಕದ್ಕೊಂಡೋದೆ?"

"ಕದ್ದಿಲ್ಲ ಸಾ. ನಮ್ ಚಿಕ್ಕಪ್ಪನ ಮೋಟ್ರು ಮನೇಲಿ ಸೇಫಾಗಿ ಮಡಗಿವ್ನಿ. ಓಟಿನ ಟೈಮ್ಗೆ ಆಟೋಲಿ ಬತ್ತರೆ."

"ಯಾರಿಂದ್ಲಾ ಸೇಫು?"

"ರಮ್ಯನಿಂದ ಸಾ. ಕಳ್ಳೆ ಮಿಠಾಯಿ ತಂದವ್ಳೆ."

"ಅದು ನನ್ ತಿಂಡಿ ಕಣ್ಲಾ!" ರಮ್ಯ ಬ್ಯಾಗನ್ನೇ ಬೋರಲು ಹಾಕಿದಳು. ಒಂದೇ ಒಂದು ಮಿಠಾಯಿ ಬಿತ್ತು. ಅದೂ ಅರ್ಧ ಕಚ್ಚಿದ್ದು.

ಹೆಡ್ ಮಾಸ್ಟರು ಚಿಕ್ಕಪ್ಪನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದರು.

"ಇಲ್ಲೇ ಅವ್ರೆ ಸಾರ್, ಚೆನ್ನಾಗವ್ರೆ. ಟೀವಿ ನೋಡಿ ಕಲ್ತವ್ನೆ ನಮ್ ಚೇತ, ನಾನೇನೂ ಯೋಳ್ಕೊಟ್ಟಿಲ್ಲ. ಒಬ್ಬೊಬ್ರಿಗೆ ಒಂದೊಂದ್ ಎಗ್ ಪಫ್ ಕೊಡ್ಸ್ದೆ, ಅಷ್ಟೇಯ. ಈಗ ಹೂ ನೋಡಕ್ ಟೂರ್ ಬಂದಿರೋ ಕೇರಳದವ್ರು ಇವ್ರನ್ನ ಹೂವಿನ್ ಜೊತೆ ನಿಲ್ಲಿಸ್ಕೊಂಡು ಫೋಟೋ ತಗೀತಾವ್ರೆ, ಮುಗುದ್ ತಕ್ಷಣ ಕಳುಸ್ತೀನಿ."

ಹೆಡ್ ಮಾಸ್ಟರು ಚಿಕ್ಕಪ್ಪನಿಗೆ ಸರಿಯಾಗಿ ಬೈದು ಫೋನ್ ಇಟ್ಟರು. ಆಮೇಲೆ, "ಇರೋರ್ ಕೈಲಿ ಓಟ್ ಹಾಕ್ಸಿ ಮುಗಿಸ್ಬುಡಿ ಮೇಡಂ" ಎಂದರು.

ಇರುವವರು ಹಾಕಿದರೆ ರಮ್ಯ ಗೆದ್ದ ಹಾಗೇ. ಬೀಗದ ಕೈ ಅವಳದೇ. ಹುಡುಗಿಯರು ಆಗಲೇ ಕಣ್ಣಲ್ಲೇ ಲೆಕ್ಕ ಹಾಕಿ ನಗುತ್ತಿದ್ದರು.

ರಮ್ಯ ಮಾತ್ರ ಕೂರಲಿಲ್ಲ. "ಅವ್ರೂ ಬರ್ಲಿ ಸಾ."

"ಬಂದ್ರೆ ನೀನ್ ಸೋತೋಯ್ತಿಯ ಕಣಮ್ಮಿ!" ಪಕ್ಕದವಳು ತೋಳು ಹಿಡಿದು ಎಳೆದಳು.

"ಸೋತ್ರೆ ಸೋಲ್ತೀನಿ ಬುಡು. ಇಂಗ್ ಗೆದ್ರೆ ಈ ಚೇತ ವರ್ಸೆಲ್ಲಾ 'ನೀನೇನ್ ಗೆದ್ದಿದ್ದಾ' ಅಂತ ಪ್ರಾಣ ತಿಂತನೆ. ಬಾಲೂ ಕೊಡಕಿಲ್ಲ."

ಹೆಡ್ ಮಾಸ್ಟರು ನನ್ನ ಕಡೆ ತಿರುಗಿದರು. "ಏನ್ ಮಾಡನ ಮೇಡಂ? ನೀವಲ್ವಾ ಅಧಿಕಾರಿ?"

ಇಡೀ ಶಾಲೆ ನನ್ನನ್ನೇ ನೋಡುತ್ತಿದೆ. ಕೈ ತಾನಾಗಿ ದುಪಟ್ಟಾ ಕಡೆಗೆ ಹೋಯಿತು.

"ಕಾಯೋಣ ಸರ್" ಎಂದೆ. ಈ ಸಲ ಒಂದೇ ಬಾರಿಗೆ ಕೇಳಿಸಿತು.

ಆಟೋ ಬಂತು. ಮೂವರೂ ಇಳಿದರು, ಕೊರಳಿಗೆ ಚೆಂಡುಹೂವಿನ ಹಾರ, ತುಟಿಯಂಚಿಗೆ ಪಫ್ಫಿನ ಪುಡಿ. ಓಟು ಹಾಕಲು ಬಂದವರೋ, ಧಾರೆಗೆ ಬಂದವರೋ ತಿಳಿಯುವಂತಿರಲಿಲ್ಲ.

ಓಟಾಯಿತು. ಎಣಿಸಿದೆ. ನಂಬಿಕೆ ಬಾರದೆ ಮತ್ತೆ ಎಣಿಸಿದೆ.

ರಮ್ಯ, ಒಂದು ಓಟಿನಿಂದ.

ಚೇತನ್ ಆ ಮೂವರನ್ನೂ ಸರದಿಯಂತೆ ನೋಡಿದ. "ಯಾವನ್ಲಾ ಅದು? ನನ್ ಪಫ್ ವಾಪಸ್ ಕೊಡ್ರಲಾ!"

ಊಟದ ಹೊತ್ತಿಗೆ ನಲ್ಲಿಯ ಬಳಿ ಆ ಮೂವರಲ್ಲಿ ಒಂದು ಮಗು ನನ್ನ ಕಿವಿಯ ಹತ್ತಿರ ಬಂತು. ಗುಪ್ತ ಮತದಾನ, ಹೆಸರು ಹೇಳಲಾರೆ.

"ಅಸ್ದಿತ್ತು ಮಿಸ್, ಪಫ್ ತಿಂದೆ. ಬಾಲ್ ಆಡ್ಬೇಕಿತ್ತು, ಓಟ್ ಆಕ್ದೆ."

ಕೊನೆಯ ಪೀರಿಯಡ್ಡಿನಲ್ಲಿ ಹೊಸ ಸರ್ಕಾರದ ಮೊದಲ ಸರ್ವಿಸ್ಸು ನೇರವಾಗಿ ಹೆಡ್ ಮಾಸ್ಟರ ಬೈಕಿನ ಕನ್ನಡಿಗೆ ಬಿತ್ತು. ಸ್ಕೋರ್ ಎಣಿಸಲು ಕಟ್ಟೆ ಮೇಲೆ ಚೇತನ್ ಕೂತಿದ್ದ. ಚೆನ್ನಾಗಿಯೇ ಎಣಿಸುತ್ತಾನೆ... ಒಂದೊಂದು ಪಾಯಿಂಟಿಗೂ ಮರುಎಣಿಕೆ ಕೇಳುತ್ತಾನೆ, ಅಷ್ಟೇ.

ಸಂಜೆ ಬಸ್ಸಿಳಿದಾಗ ನಮ್ಮ ಸ್ಟಾಪಿನಲ್ಲಿ ಎಂದಿನ ಹಾಗೆ ಕತ್ತಲು. ಮೊಬೈಲಿನ ಟಾರ್ಚ್ ಹಾಕಿಕೊಂಡು ಮನೆಗೆ ನಡೆದೆ.

ಸೋಮವಾರ ನಮ್ಮೂರಲ್ಲಿ ಮತ್ತೆ ಗ್ರಾಮಸಭೆ.

ಅಮ್ಮನಿಗೆ ಇನ್ನೂ ಹೇಳಿಲ್ಲ... ಅವತ್ತು ದುಪಟ್ಟಾಗೆ ಮನೆಯಲ್ಲೇ ಎರಡೂ ಕಡೆ ಪಿನ್ನು ಹಾಕಿಕೊಂಡು ಹೋಗುತ್ತೇನೆ.