ಐಸ್ ಟ್ರೇ ನೋಡುತ್ತಿದ್ದ ಸಿರಿಲ್

ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರ ಮನೆಗೆ ಕೌಲಾಲಂಪುರದಿಂದ ಒಂದು ಸಂಬಂಧ ಬಂತೆಂದರೆ, ಹುಡುಗನ ಸಂಬಳ ವಿಚಾರಿಸುವ ಮೊದಲು ಕೇಳುತ್ತಿದ್ದ ಮಾತು ಒಂದೇ: "ಸಿರಿಲ್ ನೋಡಿದ್ದಾನಾ?"

ಸಿರಿಲ್ ಅಂದರೆ ದೊಡ್ಡ ಮನುಷ್ಯನೇನಲ್ಲ. ಕೌಲಾಲಂಪುರದ ಬಾಂಗ್ಸಾರಿನಲ್ಲಿ ರಬ್ಬರ್ ಕೈಗವಸು ಮಾರುವ ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೂತವ. ಗಿಡ್ಡ ಆಳು, ಇಸ್ತ್ರಿ ಹಾಕಿದ ಅಂಗಿ, ಬಾಯಿಗೆ ಒಂದು ಹನಿ ಮುಟ್ಟಿಸದವ. ಊರಿನಿಂದ ಫೋನ್ ಬಂದರೆ ಸಾಕು, ಶನಿವಾರ ಸಂಜೆ ಹೋಗಿ ಹುಡುಗನ ಮನೆಯ ಬೆಲ್ ಒತ್ತುತ್ತಿದ್ದ. "ಈ ಕಡೆ ಬಂದಿದ್ದೆ, ಒಂದು ಗ್ಲಾಸ್ ತಣ್ಣಗಿನ ನೀರು ಸಿಗ್ತದಾ?" ಹುಡುಗ ಏಳುವಷ್ಟರಲ್ಲಿ, "ನೀನು ಕೂತ್ಕೋ ಮಾರಾಯ" ಎಂದು ತಾನೇ ಅಡುಗೆಮನೆಗೆ ನುಗ್ಗಿ ಫ್ರಿಜ್ಜಿನ ಮೇಲಿನ ಬಾಗಿಲು ತೆರೆದು ಐಸ್ ಟ್ರೇ ನೋಡುತ್ತಿದ್ದ. ತುಂಬಿದ್ದರೆ ಹುಡುಗ ಬಂಗಾರ. ಖಾಲಿಯಾಗಿದ್ದರೆ ಕುಡುಕ. ಶನಿವಾರ ಸಂಜೆ ಐಸು ವಿಸ್ಕಿಗಲ್ಲದೆ ಇನ್ನೆಲ್ಲಿಗೆ ಹೋಗುತ್ತದೆ? ವರ್ಷವಿಡೀ ಬೆವರು ಹರಿಯುವ ಊರಿನಲ್ಲಿ ಅದು ನೀರಿಗೂ ಬೀಳಬಹುದು ಎಂಬುದು, ನೀರು ಕೇಳಿಕೊಂಡೇ ಒಳಗೆ ಹೋಗುತ್ತಿದ್ದ ಅವನಿಗೆ ಯಾವತ್ತೂ ಹೊಳೆಯಲಿಲ್ಲ.

ಈ ಪರೀಕ್ಷೆಯಲ್ಲಿ ಪಾಸಾದವರೆಲ್ಲ ಊರಿನಲ್ಲಿ ಅಳಿಯಂದಿರಾದರು. ಶಿರ್ವದವರ ಅಳಿಯ, ಕಿನ್ನಿಗೋಳಿಯವರ ಅಳಿಯ, ಕುಲಶೇಖರದವರ ಅಳಿಯ. ಕೌಲಾಲಂಪುರದಲ್ಲಿ ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿಯುವಾಗ ಅವರು ಕೈಮುಗಿದು "ದೇವ್ ಬರೆಂ ಕರುಂ, ಅಂಕಲ್" ಎಂದು ದೇವರ ಹೆಸರಲ್ಲಿ ಉಪಕಾರ ನೆನೆದರೆ, ಸಿರಿಲ್‌ನ ಎದೆ ಉಬ್ಬಿ ಅಂಗಿಯ ಗುಂಡಿಗೆ ತಾಗುತ್ತಿತ್ತು.

ಇಂಥವನಿಗೆ ತೊಂಬತ್ತೇಳರ ಅಕ್ಟೋಬರ್ ಬಂತು. ಸುಮಾತ್ರಾದ ಕಾಡು ಉರಿದು ಆ ಹೊಗೆಯೆಲ್ಲ ಕೌಲಾಲಂಪುರದ ಮೇಲೆ ಬಂದು ಕೂತಿತ್ತು. ಎದುರಿನ ಫ್ಲ್ಯಾಟು ಕಾಣುತ್ತಿರಲಿಲ್ಲ, ಜನ ಮೂಗಿಗೆ ಬಟ್ಟೆಯ ಮಾಸ್ಕು ಕಟ್ಟಿಕೊಂಡೇ ಓಡಾಡುತ್ತಿದ್ದರು. ಆಗ ಊರಿನಿಂದ ಫೋನ್ ಮಾಡಿದ್ದು ಸಿರಿಲ್‌ನ ಹೆಂಡತಿ ಫ್ಲೊರೆನ್ಸಳ ಅಣ್ಣ ಹಿಲರಿ. ಅವನ ಮಗಳು ಟ್ರೀಸಾಗೆ ರಾಬಿನ್ ಎಂಬ ಹುಡುಗನ ಸಂಬಂಧ ಬಂದಿತ್ತು. ಜರ್ಮನ್ ಯಂತ್ರಗಳ ಕಂಪನಿಯಲ್ಲಿ ಎಂಜಿನಿಯರ್. ಸಿರಿಲ್ ಹೋದ, ನೀರು ಕೇಳಿದ, ನೋಡಿದ. ಟ್ರೇ ಖಾಲಿ. ಸಾಲದ್ದಕ್ಕೆ ಫ್ರಿಜ್ಜಿನ ಬಾಗಿಲಿಗೆ ಒಂದು ಟಿಕೆಟು ಅಂಟಿಕೊಂಡಿತ್ತು: ಮುಂದಿನ ಶನಿವಾರ, ದೊಡ್ಡ ಹೋಟೆಲಿನ ಅಂಗಳದಲ್ಲಿ ಜರ್ಮನ್ ಬಿಯರ್ ಹಬ್ಬ.

"ಟ್ರೇ ಖಾಲಿ ಅಲ್ಲವಾ, ಸಾಕಲ್ಲ. ಆ ಬಿಯರ್ ಜಾಗಕ್ಕೆ ನೀವು ಎಂತಕ್ಕೆ?" ಎಂದಳು ಫ್ಲೊರೆನ್ಸ್.

"ಇದು ನಿನ್ನ ಅಣ್ಣನ ಮಗಳ ವಿಷಯ. ಕಣ್ಣಾರೆ ನೋಡದೆ ಹೇಳಿದರೆ ನಾಳೆ ನಿನ್ನ ತವರಿನವರು ನನ್ನನ್ನು ಬಿಡ್ತಾರಾ?"

"ನೋಡಲಿಕ್ಕೆ ತಾನೇ ಹೋಗುವುದು? ನೋಡಿ ಮಾತ್ರ ಬನ್ನಿ."

ಹೋಟೆಲಿನ ಬಾಗಿಲಲ್ಲೇ ಸಿರಿಲ್ ತಡೆದು ನಿಂತ. ಅಲ್ಲಿದ್ದ ತಮಿಳು ಕಾವಲುಗಾರ ಮೊಣಕಾಲಿನ ತನಕ ಚರ್ಮದ ಚಡ್ಡಿ ಹಾಕಿ, ಹಸಿರು ಟೊಪ್ಪಿಗೆ ಕೋಳಿಗರಿ ಸಿಕ್ಕಿಸಿಕೊಂಡಿದ್ದ. "ಮಗ್ ಹಿಡಿಯದೆ ಒಳಗೆ ಬಿಡೋ ಹಾಗಿಲ್ಲ ಅಂಕಲ್, ರೂಲ್ಸ್ ಲಾ" ಎಂದು ಆ ಊರಿನ ರಾಗದಲ್ಲಿ ಹೇಳಿ ನೊರೆ ಉಕ್ಕುವ ಒಂದು ಮಗ್ಗನ್ನು ಸಿರಿಲ್‌ನ ಕೈಗೇ ಕೊಟ್ಟುಬಿಟ್ಟ. ಮಗ್ಗಲ್ಲ ಅದು, ಹಿಡಿಯಿರುವ ಕೊಡಪಾನ. ಒಳಗೆ ನೋಡಿದರೆ ವೇದಿಕೆಯಲ್ಲಿ ಫಿಲಿಪಿನೋ ವಾದ್ಯದವರು ಜರ್ಮನ್ ಪದ ಹಾಡುತ್ತಿದ್ದಾರೆ, ಚೀನೀ ಹುಡುಗಿಯರು ನೆರಿಗೆ ಲಂಗ ತೊಟ್ಟು ಹಂದಿಯ ಕಾಲು ಹಂಚುತ್ತಿದ್ದಾರೆ. ಜರ್ಮನಿಯವರು ಇಬ್ಬರೋ ಮೂವರೋ. ಅವರು ಒಂದು ಮೂಲೆಯಲ್ಲಿ ಕೂತು ನೂಡಲ್ಸ್ ತಿನ್ನುತ್ತಿದ್ದರು. ಹೊಗೆಯೋ ಹೊಗೆ. ಜನ ಮಾಸ್ಕು ಕೆಳಗಿಳಿಸಿ ಒಂದು ಗುಟುಕು ಕುಡಿದು, ಆರೋಗ್ಯ ಮುಖ್ಯವೆಂದು ಮತ್ತೆ ಮಾಸ್ಕು ಏರಿಸಿಕೊಳ್ಳುತ್ತಿದ್ದರು.

ಮಾಸ್ಕು ಸಿರಿಲ್‌ಗೂ ಅನುಕೂಲವೇ ಆಯಿತು. ಯಾರಿಗೂ ಸಂಶಯ ಬಾರದಿರಲೆಂದು ಆಗಾಗ ಮಗ್ಗನ್ನು ಮಾಸ್ಕಿನ ಮೇಲಿಂದಲೇ ಮೂತಿಗೆ ಮುಟ್ಟಿಸಿ ಇಳಿಸುತ್ತ, ರಾಬಿನ್‌ನನ್ನು ಹುಡುಕುತ್ತ ಮುಂದೆ ಹೋದ. ಹೋದವನು ಕಂಡದ್ದು ಬೇರೆಯದನ್ನೇ.

ಒಂದು ಉದ್ದನೆಯ ಬೆಂಚಿನ ಮೇಲೆ ಮೂವರು ಹೆಗಲಿಗೆ ಹೆಗಲು ಕೊಟ್ಟು ನಿಂತು ಕುಣಿಯುತ್ತಿದ್ದರು. ಶಿರ್ವದವರ ಅಳಿಯ. ಕಿನ್ನಿಗೋಳಿಯವರ ಅಳಿಯ. ನಡುವೆ ಎರಡು ಕೈಯಲ್ಲಿ ಎರಡು ಮಗ್ ಹಿಡಿದ ಕುಲಶೇಖರದವರ ಅಳಿಯ. ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಚರ್ಚಿನಲ್ಲಿ ಕುಡಿತದ ಕೇಡಿನ ಬಗ್ಗೆ ಮಾತಾಡಿ ಹೆಂಗಸರ ಕಣ್ಣಲ್ಲಿ ನೀರು ತರಿಸಿದವ. ಸಿರಿಲ್ ಕಣ್ಣೊರೆಸಿಕೊಂಡು ಮತ್ತೆ ನೋಡಿದ. ಅವರೇ. ಅವನು ತುಂಬಿದ ಟ್ರೇಗಳೆಂದು ಊರಿಗೆ ಹೇಳಿ ಕಳಿಸಿದ್ದೆಲ್ಲ ಒಂದೇ ಬೆಂಚಿನ ಮೇಲೆ ಕುಣಿಯುತ್ತಿತ್ತು. ಹೊರಗೆ ಕುಡಿದು ಬರುವವನ ಮನೆಯಲ್ಲಿ ಐಸು ಖರ್ಚಾಗುವುದಾದರೂ ಹೇಗೆ?

"ಅಂಕಲ್, ಮಾಸ್ಕಿನ ಮೇಲೆ ನೊರೆ ಇದೆ" ಎಂದಿತು ಪಕ್ಕದಿಂದ ಒಂದು ದನಿ.

ರಾಬಿನ್. ಮೇಜಿನ ತುದಿಯಲ್ಲಿ ಒಬ್ಬನೇ ಕೂತು ಮೂಲಂಗಿ ತಿನ್ನುತ್ತಿದ್ದ. ಮುಂದೆ ಅರ್ಧವಾದ ಮಗ್. ಬಚ್ಚಿಡಲಿಲ್ಲ, ಏಳಲಿಲ್ಲ, ಸರಿದು ಜಾಗ ಕೊಟ್ಟ.

ಸಿರಿಲ್ ಕೂತ. ಇಷ್ಟು ವರ್ಷದಲ್ಲಿ ಯಾವ ಹುಡುಗನನ್ನೂ ಕೇಳದಿದ್ದ ಮಾತು ಅವನ ಬಾಯಿಂದ ಬಂತು.

"ನೀನು ಕುಡೀತೀಯಾ?"

"ಕುಡೀತೇನೆ ಅಂಕಲ್. ಈ ಹಬ್ಬಕ್ಕೊಂದು ಮಗ್, ಯಾರದ್ದಾದರೂ ಮದುವೆಗೆ ಸ್ವಲ್ಪ."

"ಮತ್ತೆ ಆವತ್ತು ಟ್ರೇ ಖಾಲಿ ಇತ್ತು?"

"ನಿಂಬೆ ಶರಬತ್ತಿಗೆ. ಈ ಹೊಗೆಗೆ ಗಂಟಲು ಉರೀತದಲ್ಲ."

"ಆವತ್ತೇ ಯಾಕೆ ಹೇಳಲಿಲ್ಲ ಮಾರಾಯ?"

"ನೀವು ನೀರು ಕೇಳಿದಿರಿ. ನೀರು ಕೊಟ್ಟೆ."

ಅಷ್ಟರಲ್ಲಿ ಬೆಂಚಿನವರ ಕಣ್ಣಿಗೆ ಸಿರಿಲ್ ಬಿದ್ದ. ಒಂದು ಗಳಿಗೆ ಮೂವರೂ ಕಲ್ಲಾದರು. ಆಮೇಲೆ ಅವನ ಕೈಯಲ್ಲಿದ್ದ ಮಗ್ ಕಂಡಿತು, ಜೀವ ಬಂತು. ಶಿರ್ವದವರ ಅಳಿಯ ಇಳಿದು ಬಂದು ತನ್ನ ಗರಿಯ ಟೊಪ್ಪಿಯನ್ನು ಸಿರಿಲ್‌ನ ತಲೆಗಿಟ್ಟು, ಕಿವಿಯಲ್ಲಿ ಪ್ರೀತಿಯಿಂದ ಹೇಳಿದ, "ಹೆದರಬೇಡಿ ಅಂಕಲ್. ನಿಮ್ಮದು ನಾವು ಊರಲ್ಲಿ ಹೇಳುವುದಿಲ್ಲ. ನಮ್ಮದು ನೀವು ಹೇಳಬೇಡಿ."

ಮರುದಿನ ಹಿಲರಿಯ ಫೋನ್ ಬಂತು. ಫ್ಲೊರೆನ್ಸ್ ತೊಳೆಯಲು ತೆಗೆದ ಮಾಸ್ಕನ್ನು ಎರಡು ಬೆರಳಲ್ಲಿ ಹಿಡಿದು, ಮೂಸಿ, ಗಂಡನ ಎದುರೇ ನಿಂತಳು.

"ಟ್ರೇ ಹೇಗಿತ್ತು ಭಾವ?" ಎಂದ ಹಿಲರಿ.

ತುಂಬಿತ್ತು ಅಂದರೆ ಮದುವೆ ನಡೆಯುತ್ತಿತ್ತು. ಖಾಲಿ ಅಂದರೆ ತನ್ನ ಹೆಸರು ಉಳಿಯುತ್ತಿತ್ತು. ಸಿರಿಲ್ ಹೆಂಡತಿಯ ಕೈಯಲ್ಲಿದ್ದ ಮಾಸ್ಕನ್ನು ನೋಡಿದ.

"ಹುಡುಗ ಕುಡೀತಾನೆ ಭಾವ. ಒಳ್ಳೆಯವ. ಕೊಡಿ."

ಆ ಕಡೆ ಹಿಲರಿಯ ಸ್ವರ ಏರಿತು. "ಶಿರ್ವದವರಿಗೆ ಮುಟ್ಟದವನನ್ನು ಹುಡುಕಿ ಕೊಟ್ಟಿರಿ. ಸ್ವಂತ ಹೆಂಡತಿಯ ತವರಿಗೆ ಮಾತ್ರ ಕುಡಿಯುವವನಾ?"

"ಶಿರ್ವದವನ ಟ್ರೇ ತುಂಬಿತ್ತು ಭಾವ. ನಾನು ನೋಡಿದ್ದು ಅಷ್ಟೇ. ಅವನನ್ನು ಕೇಳಿರಲಿಲ್ಲ. ಇವನನ್ನು ಕೇಳಿದೆ."

"ಯಾರನ್ನು?"

"ಹುಡುಗನನ್ನೇ."

"ಹುಡುಗನನ್ನೇ ಕೇಳುವುದಾದರೆ ನೀವು ಎಂತಕ್ಕೆ ಭಾವ?"

ಅತ್ತ ಏನೋ ಎಳೆದಾಟವಾಗಿ ಫೋನ್ ಕೈ ಬದಲಾಯಿತು.

"ಮಾಮ, ನಾನು ಟ್ರೀಸಾ. ಕುಡೀತೇನೆ ಅಂತ ಅವರೇ ಹೇಳಿದರಾ?"

"ಅವನೇ ಹೇಳಿದ ಮಗಾ. ಮಗ್ ಕೂಡ ಬಚ್ಚಿಡಲಿಲ್ಲ."

"ಹಾಗಾದರೆ ಅವರ ನಂಬರ್ ಕೊಡಿ. ಉಳಿದದ್ದು ನಾನೇ ಕೇಳ್ತೇನೆ."

ಸಿರಿಲ್ ಕನ್ನಡಕ ಏರಿಸಿಕೊಂಡ. ಒಂದೊಂದೇ ಅಂಕಿಯನ್ನು ನಿಧಾನವಾಗಿ, ಇಷ್ಟು ವರ್ಷ ಕೂತ ಕುರ್ಚಿಯನ್ನು ಬಿಟ್ಟುಕೊಡುವವನ ಹಾಗೆ, ಹೇಳಿ ಬರೆಸಿದ. ಫ್ಲೊರೆನ್ಸ್ ಮಾಸ್ಕನ್ನು ಸಾಬೂನು ನೀರಿಗೆ ಹಾಕಿದಳು.